ಭೂಮಿ ನಡುಗಿದರೆ ಮಲೆನಾಡಿನ ಮನೆಯಲ್ಲಿ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

2021ರ ಜನವರಿ 21ರ ರಾತ್ರಿ ಶಿವಮೊಗ್ಗದಲ್ಲಿದ್ದ ಯಾರೂ ಅದನ್ನು ಮರೆತಿರಲಿಕ್ಕಿಲ್ಲ. ಗಂಟೆ ಹತ್ತು ದಾಟಿತ್ತು. ನಮ್ಮ ಮನೆಯಲ್ಲಿ ಊಟ ಮುಗಿದಿತ್ತು. ಏಕಾಏಕಿ ದೊಡ್ಡ ಸದ್ದು, ಕಿಟಕಿ ಗಾಜು ಗಡಗಡ, ಕಾಲ ಕೆಳಗಿನ ನೆಲ ಅದುರಿದ ಹಾಗೆ. "ಭೂಕಂಪ!" ಅಂತ ಯಾರೋ ಕೂಗಿದರು. ಇಡೀ ಓಣಿ ಬೀದಿಗೆ ಬಂತು.

ಅದು ಭೂಕಂಪ ಆಗಿರಲಿಲ್ಲ. ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಕೆಲಸಕ್ಕೆ ಬಂದವರ ಜೀವ ಹೋಗಿತ್ತು. ಸದ್ದು ಮತ್ತು ಅದುರಾಟ ದಾವಣಗೆರೆ, ಚಿಕ್ಕಮಗಳೂರು ಕಡೆಗೂ ಗೊತ್ತಾಗಿತ್ತು. ಆ ರಾತ್ರಿ ನಾವೆಲ್ಲ ಓಡಿಹೋಗಿ ನಿಂತಿದ್ದ ಜಾಗ ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ತಲೆ ಮೇಲೆ ಕರೆಂಟ್ ತಂತಿ, ಬೆನ್ನಿಗೆ ಬಿರುಕು ಬಿಟ್ಟ ಹಳೆಯ ಕಾಂಪೌಂಡ್ ಗೋಡೆ, ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್. ನಿಜವಾಗಿ ಭೂಮಿ ನಡುಗಿದ್ದರೆ ಮನೆಯೊಳಗೆ ಉಳಿದವರಿಗಿಂತ ನಮಗೇ ಜಾಸ್ತಿ ಪೆಟ್ಟಾಗುತ್ತಿತ್ತು.

ಅಂದಿನಿಂದ ಈ ವಿಷಯ ಓದುತ್ತಾ, ಗೊತ್ತಿದ್ದವರನ್ನು ಕೇಳುತ್ತಾ ಬಂದಿದ್ದೇನೆ. ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಭೂಕಂಪ ಆದಾಗ ಹೇಗನಿಸುತ್ತದೆ?

ಎಷ್ಟು ದೂರದಲ್ಲಿ ಆಯಿತು, ಎಷ್ಟು ದೊಡ್ಡದು, ನೀವು ಆಗ ಎಲ್ಲಿದ್ದಿರಿ ಎನ್ನುವುದರ ಮೇಲೆ ಅನುಭವವೇ ಬೇರೆಯಾಗುತ್ತದೆ.

ಹತ್ತಿರದಲ್ಲೇ ಸಣ್ಣದು ಆದರೆ ಮೊದಲು ಕೇಳುವುದು ಸದ್ದು. ನೆಲದೊಳಗಿಂದ ಧಡ್ ಅಂದ ಹಾಗೆ, ಇಲ್ಲವೇ ಮನೆ ಮುಂದೆ ತುಂಬಿದ ಲಾರಿ ಹೋದ ಹಾಗೆ. ಅದರ ಹಿಂದೆಯೇ ಒಂದು ಕುಲುಕು. ನಾಗಂದಿಗೆಯ ಲೋಟ, ಪಾತ್ರೆ ಕಿಣಿಕಿಣಿ ಅನ್ನುತ್ತವೆ. ಹೆಂಚು ಚಟಚಟ ಎನ್ನುತ್ತದೆ. ಏನಾಯಿತು ಅಂತ ಯೋಚಿಸುವಷ್ಟರಲ್ಲಿ ಮುಗಿದಿರುತ್ತದೆ.

ದೂರದಲ್ಲಿ ದೊಡ್ಡದು ಆದರೆ ಸದ್ದೇ ಇರುವುದಿಲ್ಲ. ತಲೆ ಸುತ್ತಿದ ಹಾಗೆ, ದೋಣಿಯಲ್ಲಿ ಕೂತ ಹಾಗೆ ಆಗುತ್ತದೆ. ಬಿಪಿ ಏರಿತೇನೋ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ತೂಗುಹಾಕಿದ ದೀಪ ಓಲಾಡುವುದು ಕಂಡಾಗಲೇ ಗೊತ್ತಾಗುವುದು. ಇದು ಮಹಡಿ ಮೇಲಿದ್ದವರಿಗೆ ಜಾಸ್ತಿ ತಿಳಿಯುತ್ತದೆ. ಮಲಗಿದ್ದವರಿಗೆ, ಸುಮ್ನೆ ಕೂತವರಿಗೆ ಗೊತ್ತಾದದ್ದು ನಡೆಯುತ್ತಿದ್ದವರಿಗೆ ಗೊತ್ತೇ ಆಗದಿರಬಹುದು. ಹಾಗಾಗಿ ಒಂದೇ ಮನೆಯಲ್ಲಿ ಒಬ್ಬರು "ಆಯ್ತು" ಅಂದು, ಇನ್ನೊಬ್ಬರು "ಏನೂ ಇಲ್ಲ" ಅಂದರೆ ಇಬ್ಬರ ಮಾತೂ ನಿಜವೇ.

ಹತ್ತಿರದಲ್ಲೇ ದೊಡ್ಡದು ಆದರೆ ನಿಲ್ಲುವುದಕ್ಕೇ ಆಗುವುದಿಲ್ಲ. ಓಡುತ್ತೇವೆ ಅಂದುಕೊಂಡರೂ ಕಾಲು ನೆಲಕ್ಕೆ ಸಿಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳು ಹೆಚ್ಚಾಗಿ ಇದರ ಮೇಲೆಯೇ ನಿಂತಿವೆ.

ಮೊದಲು ಒಂದು ಕುಲುಕು, ಆಮೇಲೆ ಜೋರು ನಡುಕ ಅನ್ನುತ್ತಾರಲ್ಲ, ಯಾಕೆ ಹಾಗೆ?

ಬಂಡೆ ಬಿರಿದ ಜಾಗದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಒಂದು ಬಂಡೆಯನ್ನು ಹಿಂದೆ ಮುಂದೆ ತಳ್ಳುತ್ತಾ ಬರುವ ಅಲೆ. ಅದು ಬೇಗ ಬರುತ್ತದೆ, ಪೆಟ್ಟು ಕಡಿಮೆ. ಇನ್ನೊಂದು ಅಡ್ಡಡ್ಡ ಅಲುಗಾಡಿಸುವ ಅಲೆ. ಅದು ತಡವಾಗಿ ಬರುತ್ತದೆ, ಗೋಡೆ ಬೀಳಿಸುವುದು ಅದೇ. ಎರಡರ ನಡುವೆ ಒಂದು ಸೆಕೆಂಡ್ ಅಂತರ ಇದ್ದರೆ ಭೂಕಂಪ ಸುಮಾರು 8 ಕಿಲೋಮೀಟರ್ ದೂರದಲ್ಲಿ ಆಗಿದೆ ಅಂತ ಅಂದಾಜು. ಮಿಂಚು ಕಂಡು ಗುಡುಗಿಗೆ ಎಣಿಸುತ್ತೇವಲ್ಲ, ಅದೇ ಲೆಕ್ಕ.

ಅಂದರೆ ಮೊದಲ ಕುಲುಕನ್ನೇ ಎಚ್ಚರಿಕೆ ಅಂತ ತಿಳಿಯಬೇಕು. "ಏನದು?" ಅಂತ ಮುಖ ಮುಖ ನೋಡುತ್ತಾ ನಿಂತರೆ ಕೈಗೆ ಸಿಕ್ಕ ಆ ನಾಲ್ಕಾರು ಸೆಕೆಂಡ್ ಹೋಗಿಬಿಡುತ್ತದೆ.

ಸ್ಫೋಟವೋ ಭೂಕಂಪವೋ ಹೇಗೆ ತಿಳಿಯುವುದು?

ಆ ಕ್ಷಣದಲ್ಲಿ ತಿಳಿಯಲು ಹೋಗಬೇಡಿ. ಸ್ಫೋಟ ಒಂದೇ ಏಟಿಗೆ ಮುಗಿಯುತ್ತದೆ, ಗಾಳಿಯ ಹೊಡೆತ ಗಾಜಿಗೆ ಬಡಿಯುತ್ತದೆ. ಆದರೆ ಗಟ್ಟಿ ಬಂಡೆಯ ನಾಡಿನಲ್ಲಿ ಸಣ್ಣ ಭೂಕಂಪವೂ ಹಾಗೇ ಧಡ್ ಅನ್ನುತ್ತದೆ. ಮೊದಲು ತಲೆ ಕಾಪಾಡಿಕೊಳ್ಳಿ. ಏನಾಯಿತೆಂದು ಆಮೇಲೆ ಯಂತ್ರಗಳು ಹೇಳುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಎರಡೂ ಜಾಗ, ಸಮಯ, ತೀವ್ರತೆ ತಿಳಿಸುತ್ತವೆ. ದೆಹಲಿ ಕೇಂದ್ರದ 'ಭೂಕಂಪ್' ಆ್ಯಪ್ ಇದೆ, ಹಾಕಿಕೊಳ್ಳಬಹುದು.

ನಮ್ಮದು ಗಟ್ಟಿ ಬಂಡೆಯ ನಾಡು. ಇಲ್ಲಿ ಭೂಕಂಪ ಆಗುತ್ತದೆಯೇ?

ಬಂಡೆ ಗಟ್ಟಿ ಎನ್ನುವುದು ನಿಜ. ನಮ್ಮ ಕಾಲ ಕೆಳಗಿನ ಕಲ್ಲಿನಲ್ಲಿ 300 ಕೋಟಿ ವರ್ಷ ಹಳೆಯದೂ ಇದೆ. ಹಿಮಾಲಯಕ್ಕೆ ಹೋಲಿಸಿದರೆ ನಮಗೆ ಅಪಾಯ ತುಂಬಾ ಕಡಿಮೆ. ಎಂಜಿನಿಯರುಗಳು ಬಳಸುತ್ತಾ ಬಂದಿರುವ 2002ರ ನಕ್ಷೆಯಲ್ಲಿ ದೇಶಕ್ಕೆ ನಾಲ್ಕು ವಲಯ, 2ರಿಂದ 5ರವರೆಗೆ. 5 ಎಂದರೆ ಅತಿ ಹೆಚ್ಚು ಅಪಾಯ. ನಮ್ಮ ರಾಜ್ಯದ ಹೆಚ್ಚಿನ ಭಾಗ 2ರಲ್ಲಿದೆ, ಕರಾವಳಿ ಮತ್ತು ಉತ್ತರದ ಕೆಲವು ಭಾಗಗಳು 3ರಲ್ಲಿವೆ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಇಡೀ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯಕ್ಕೆ ಒತ್ತುತ್ತಿದೆ. ಆ ಒತ್ತಡ ಒಳನಾಡಿನ ಹಳೆಯ ಬಿರುಕುಗಳಲ್ಲೂ ಕೂಡಿಕೊಳ್ಳುತ್ತದೆ. ಮಹಾರಾಷ್ಟ್ರದ ಕಿಲ್ಲಾರಿ ಹಿಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ 9,000ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವಷ್ಟೇ ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ಆಮೇಲೆ 1ನೇ ವಲಯವನ್ನೇ ತೆಗೆದುಹಾಕಿ 2ಕ್ಕೆ ಸೇರಿಸಿದರು.

ನಮ್ಮ ಸುತ್ತಮುತ್ತಲೂ ಸಣ್ಣಪುಟ್ಟವು ಆಗಿವೆ. 2022ರ ಜೂನ್ ಕೊನೆಯಲ್ಲಿ ಕೊಡಗಿನ ಸಂಪಾಜೆ, ಚೆಂಬು ಮತ್ತು ಸುಳ್ಯದ ಕಡೆ ಮತ್ತೆ ಮತ್ತೆ ನಡುಗಿತು. ದೊಡ್ಡದೆಂದರೂ ತೀವ್ರತೆ 3ರ ಆಸುಪಾಸಿನದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 4.1ರದ್ದು ಆಗಿ ಜನ ಊರು ಬಿಟ್ಟು ಹೊರಟಿದ್ದರು.

3, 4, 6 ಅಂತಾರಲ್ಲ, 6 ಎಂದರೆ 3ರ ಎರಡರಷ್ಟಾ?

ಅಲ್ಲ. ಒಂದೊಂದು ಅಂಕಿ ಏರಿದರೂ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ಕ್ಕೂ 6ಕ್ಕೂ ನಡುವೆ ಸುಮಾರು 32,000 ಪಟ್ಟು ಅಂತರ. ಸುಳ್ಯದಲ್ಲಿ ಆದದ್ದನ್ನೂ ಕಿಲ್ಲಾರಿಯಲ್ಲಿ ಆದದ್ದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಹೆದರಬೇಕಾಗಿಲ್ಲ.

ಈ ಅಂಕಿ ಭೂಕಂಪದ್ದು. ನಿಮ್ಮ ಮನೆಗೆ ತಟ್ಟುವ ನಡುಕದ ಲೆಕ್ಕ ಬೇರೆ. ಯಕ್ಷಗಾನದ ಆಟದ ರಾತ್ರಿ ಚಂಡೆ ಒಂದೇ ಆದರೂ ರಂಗಸ್ಥಳದ ಮುಂದೆ ಕೂತವರಿಗೆ ಎದೆ ನಡುಗುತ್ತದೆ, ಆಚೆ ಗುಡ್ಡದ ಮನೆಯವರಿಗೆ ಸಣ್ಣಗೆ ಕೇಳುತ್ತದೆ. ನೆಲವೂ ಮುಖ್ಯ. ಕೆರೆ ಮುಚ್ಚಿ, ಗದ್ದೆಗೆ ಮಣ್ಣು ತುಂಬಿ ಮಾಡಿದ ಸೈಟಿನಲ್ಲಿ ಅದೇ ನಡುಕ ಜಾಸ್ತಿಯಾಗುತ್ತದೆ. ಬಂಡೆಯ ಮೇಲಿನ ಮನೆಗೆ ಕಡಿಮೆ.

ಲಿಂಗನಮಕ್ಕಿ ತುಂಬಿದರೆ ಭೂಕಂಪ ಆಗುತ್ತದಂತೆ, ಹೌದಾ?

ಈ ಭಯಕ್ಕೆ ಮೂಲ ಕೊಯ್ನಾ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 6.3ರ ಭೂಕಂಪ ಆಗಿ ಸುಮಾರು 180 ಜನ ಸತ್ತರು. ಜಲಾಶಯದ ನೀರಿನ ಭಾರ, ಬಂಡೆಯ ಬಿರುಕಿಗೆ ಇಳಿದ ನೀರು ಸೇರಿ ಮೊದಲೇ ಒತ್ತಡದಲ್ಲಿದ್ದ ಬಿರುಕನ್ನು ಜಾರಿಸಿದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಈಗಲೂ ಸಣ್ಣ ಕಂಪನಗಳು ಆಗುತ್ತಲೇ ಇವೆ.

ಆದರೆ ಎಲ್ಲ ಅಣೆಕಟ್ಟೂ ಕೊಯ್ನಾ ಅಲ್ಲ. ಜಗತ್ತಿನ ಸಾವಿರಾರು ಜಲಾಶಯಗಳಲ್ಲಿ ಕೆಲವೇ ಕೆಲವು ಮಾತ್ರ ಹೀಗೆ ಮಾಡಿವೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅಂದಿನಿಂದ ಎಷ್ಟೋ ಸಲ ಪೂರ್ಣ ಮಟ್ಟವಾದ 1819 ಅಡಿಗೆ ತುಂಬಿದೆ, ಎಷ್ಟೋ ಸಲ ತಳ ಕಂಡಿದೆ. ಕೊಯ್ನಾದಂಥದ್ದು ಇಲ್ಲಿ ಆಗಿಲ್ಲ. ಅಣೆಕಟ್ಟಿನ ಸುತ್ತ ಕಂಪನ ಅಳೆಯುವ ಯಂತ್ರಗಳು ಚೆನ್ನಾಗಿ ಕೆಲಸ ಮಾಡುತ್ತಿರಬೇಕು ಎಂದು ಊರವರು ಕೇಳುವುದು ಸರಿಯಾದ ಮಾತು. ಅದನ್ನು ಕೇಳೋಣ. "ಡ್ಯಾಮ್ ಒಡೆಯುತ್ತಂತೆ" ಅಂತ ಮಳೆಗಾಲದಲ್ಲಿ ಹರಿದಾಡುವ ವಾಟ್ಸಾಪ್ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ನದಿ ದಂಡೆಯ ಹಳ್ಳಿಗಳಲ್ಲಿ ಆ ಒಂದು ಸಂದೇಶಕ್ಕೆ ರಾತ್ರಿಯಿಡೀ ಜನ ನಿದ್ದೆಗೆಡುತ್ತಾರೆ.

ನಡುಗಿದ ಕೂಡಲೇ ಹೊರಗೆ ಓಡಬೇಕೋ, ಒಳಗೇ ಇರಬೇಕೋ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಉತ್ತರ ಎಲ್ಲ ಮನೆಗೂ ಹೊಂದುವುದಿಲ್ಲ. ನಿಮ್ಮ ಮನೆ ಎಂಥದ್ದು ಎಂದು ಮೊದಲು ನೋಡಬೇಕು.

ಕಂಬ, ತೊಲೆ, ಸ್ಲ್ಯಾಬ್ ಇರುವ ಆರ್‌ಸಿಸಿ ಮನೆ, ಅಪಾರ್ಟ್‌ಮೆಂಟ್, ಶಾಲೆ, ಆಫೀಸು ಆದರೆ ಒಳಗೇ ಇರಿ. ನೆಲಕ್ಕೆ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿಕೊಳ್ಳಿ, ಅದರ ಕಾಲು ಗಟ್ಟಿಯಾಗಿ ಹಿಡಿದುಕೊಳ್ಳಿ. ನಡುಕಕ್ಕೆ ಮೇಜು ಸರಿಯುತ್ತದೆ, ನೀವೂ ಅದರ ಜೊತೆ ಸರಿಯಬೇಕು, ಅದಕ್ಕೇ ಹಿಡಿದುಕೊಳ್ಳುವುದು. ಮೇಜು ಇಲ್ಲದಿದ್ದರೆ ಕಿಟಕಿ, ಬೀರು, ಟಿವಿಯಿಂದ ದೂರ ಒಳಗೋಡೆಯ ಪಕ್ಕ ಮುದುಡಿ ಕೂತು ಎರಡೂ ಕೈಯಿಂದ ತಲೆ, ಕುತ್ತಿಗೆ ಮುಚ್ಚಿಕೊಳ್ಳಿ. ಮೆಟ್ಟಿಲ ಕಡೆ ಹೋಗಬೇಡಿ. ಲಿಫ್ಟ್ ಮುಟ್ಟಲೇಬೇಡಿ. ಇಂಥ ಮನೆಗಳಲ್ಲಿ ಬಹಳ ಜನರಿಗೆ ಪೆಟ್ಟಾಗುವುದು ಓಡುವಾಗ ಬಿದ್ದು, ಇಲ್ಲವೇ ಹೊರಗೆ ಕಾಲಿಟ್ಟ ಕೂಡಲೇ ಮೇಲಿಂದ ಬಿದ್ದ ಗಾಜು, ಸಜ್ಜಾ, ಹೂಕುಂಡದಿಂದ.

ನಮ್ಮದು ಮಣ್ಣಿನ ಗೋಡೆಯ ಹಳೇ ಹೆಂಚಿನ ಮನೆ. ಅದರಲ್ಲೂ ಒಳಗೇ ಇರಬೇಕಾ?

ಇಲ್ಲಿ ಉತ್ತರ ಬದಲಾಗುತ್ತದೆ. ಮಣ್ಣಿನ ಗೋಡೆ, ಮಣ್ಣು ಮೆತ್ತಿ ಕಟ್ಟಿದ ಕಲ್ಲಿನ ಗೋಡೆ ಅಡ್ಡ ಅಲುಗಾಟಕ್ಕೆ ತಡೆಯುವುದಿಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಅಂಥ ದಪ್ಪ ಕಲ್ಲುಗೋಡೆ, ಭಾರದ ಮಣ್ಣಿನ ಮಾಡು ಮೈಮೇಲೆ ಬಿದ್ದು. ನಮ್ಮ ಹೆಂಚಿನ ಮಾಡು ಅದಕ್ಕಿಂತ ತುಂಬಾ ಹಗುರ. ಅದು ನಮ್ಮ ಪುಣ್ಯ. ಆದರೆ ಗೋಡೆ ಗೋಡೆಯೇ.

ನೀವು ನೆಲದ ಮೇಲೆಯೇ ಇದ್ದು, ತೆರೆದ ಬಾಗಿಲು ನಾಲ್ಕೈದು ಹೆಜ್ಜೆಯಲ್ಲಿದ್ದರೆ ಮೊದಲ ಕುಲುಕಿಗೇ ಹೊರಬಿದ್ದು ಅಂಗಳದ ನಡುವಿಗೆ ಹೋಗಿ. ಜಗಲಿಯಲ್ಲಿ ನಿಲ್ಲಬೇಡಿ, ಸೂರಿನ ಕೆಳಗಂತೂ ಬೇಡವೇ ಬೇಡ. ಹೆಂಚು ಮೊದಲು ಜಾರುವುದೇ ಅಲ್ಲಿ. ಸೂರು ದಾಟುವಾಗ ತಲೆ ಮೇಲೆ ಕೈ ಇರಲಿ, ಸಿಕ್ಕರೆ ಮಣೆಯೋ ದಿಂಬೋ ಇರಲಿ. ಅಂಗಳದಲ್ಲಿ ಅಡಿಕೆ ಚಪ್ಪರ ಇದ್ದರೆ ಅದರಡಿ ಬೇಡ, ಆಚೆ ಬಯಲಿಗೆ.

ಒಳಮನೆಯಲ್ಲಿ, ಬಚ್ಚಲಲ್ಲಿ, ಅಟ್ಟದಲ್ಲಿ ಇದ್ದರೆ ಓಡಿ ಹೊರಗೆ ಸೇರಲು ಆಗುವುದಿಲ್ಲ. ಅಲ್ಲೇ ಗಟ್ಟಿ ಮಂಚವೋ ಮೇಜೋ ಇದ್ದರೆ ಕೆಳಗೆ ನುಸುಳಿ. ಇಲ್ಲದಿದ್ದರೆ ಹೊರಗೋಡೆಯಿಂದ ದೂರ ಮುದುಡಿ ಕೂರಿ. ನಡುಕ ನಿಂತ ಕೂಡಲೇ ಹೊರಗೆ ಬನ್ನಿ.

ಇನ್ನೊಂದು ಮಾತು. ಅಟ್ಟದ ಮೇಲೆ ಅಡಿಕೆ ಮೂಟೆ, ಹಳೇ ತಾಮ್ರದ ಹಂಡೆ, ಒನಕೆ, ರೀಪು, ಉಳಿದ ಹೆಂಚು ಎಲ್ಲ ಪೇರಿಸಿರುತ್ತೇವೆ. ಅದರ ಕೆಳಗೇ ಮಲಗುತ್ತೇವೆ. ಇವತ್ತೇ ಹತ್ತಿ ನೋಡಿ. ಭಾರದ್ದನ್ನು ಕೆಳಗಿಳಿಸಿ, ಇಲ್ಲವೇ ಹಾಸಿಗೆ ಜಾಗ ಬದಲಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬಾಗಿಲ ಚೌಕಟ್ಟಿನ ಕೆಳಗೆ ನಿಂತರೆ ಸುರಕ್ಷಿತ ಅಂತ ಅಜ್ಜ ಹೇಳುತ್ತಿದ್ದರು.

ಹಲಸಿನ ಮರದ ಚೌಕಟ್ಟು ಗಟ್ಟಿಯೇ, ಸುಳ್ಳಲ್ಲ. ಆದರೆ ಅದರ ಮೇಲಿನ ಗೋಡೆ ಚೌಕಟ್ಟಿಗೆ ಕಟ್ಟಿಕೊಂಡಿಲ್ಲ. ಬಾಗಿಲು ಬೇರೆ ಬಡಿಯುತ್ತದೆ. ದಾಟಿ ಹೊರಗೆ ಹೋಗಿ, ಅಲ್ಲಿ ನಿಲ್ಲಬೇಡಿ.

ರಾತ್ರಿ ಮಲಗಿದ್ದಾಗ ಆದರೆ?

ಕೊಯ್ನಾ, ಕಿಲ್ಲಾರಿ ಎರಡೂ ನಸುಕಿನ ನಾಲ್ಕು ಗಂಟೆಯ ಆಸುಪಾಸಿನಲ್ಲೇ ಆದವು. ಅದಕ್ಕೆ ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಗಟ್ಟಿ ಮನೆಯಾದರೆ ಹಾಸಿಗೆಯಲ್ಲೇ ಬೋರಲು ಮಲಗಿ ದಿಂಬನ್ನು ತಲೆ, ಕುತ್ತಿಗೆ ಮೇಲೆ ಒತ್ತಿಕೊಳ್ಳಿ. ಕತ್ತಲಲ್ಲಿ ಎದ್ದು ಓಡಿದರೆ ಒಡೆದ ಗಾಜು ಕಾಲಿಗೆ ಚುಚ್ಚುತ್ತದೆ. ಹಾಸಿಗೆ ಪಕ್ಕ ಒಂದು ಟಾರ್ಚ್, ಒಂದು ಜೊತೆ ಚಪ್ಪಲಿ ಇಡಿ. ಮಲೆನಾಡಿನಲ್ಲಿ ಕರೆಂಟ್ ಹೋಗುವುದಕ್ಕೆ ಭೂಕಂಪವೇ ಬೇಕಿಲ್ಲ, ಹಾಗಾಗಿ ಈ ಅಭ್ಯಾಸ ದಿನವೂ ಉಪಯೋಗಕ್ಕೆ ಬರುತ್ತದೆ. ಮಂಚದ ತಲೆಯ ಕಡೆ ಕಬ್ಬಿಣದ ಬೀರು, ಭಾರದ ಫೋಟೋ ಇದ್ದರೆ ಜಾಗ ಬದಲಿಸಿ. ಬೀರನ್ನು ಗೋಡೆಗೆ ಎಲ್-ಕ್ಲ್ಯಾಂಪ್ ಹಾಕಿ ಸ್ಕ್ರೂ ಮಾಡಿಸಿ.

ಅಮ್ಮನಿಗೆ ಮಂಡಿ ನೋವು. ಬಗ್ಗಲು, ಓಡಲು ಎರಡೂ ಆಗಲ್ಲ. ಏನು ಮಾಡೋದು?

ಅಮ್ಮ ಕುರ್ಚಿಯಲ್ಲಿದ್ದರೆ ಅಲ್ಲೇ ಮುಂದಕ್ಕೆ ಬಾಗಿ ತಲೆ ಮುಚ್ಚಿಕೊಳ್ಳಲಿ. ಹಾಸಿಗೆಯಲ್ಲಿದ್ದರೆ ದಿಂಬು. ಗಾಲಿ ಕುರ್ಚಿಯಾದರೆ ಬ್ರೇಕ್ ಹಾಕಲಿ. ಅವರನ್ನು ನಡುಕದ ಹೊತ್ತಿನಲ್ಲಿ ಎತ್ತಿಕೊಂಡು ಓಡಲು ಹೋದರೆ ಇಬ್ಬರೂ ಬೀಳುತ್ತೀರಿ. ಅವರು ಹೆಚ್ಚು ಹೊತ್ತು ಕೂರುವ ಜಾಗವನ್ನೇ ಮೊದಲು ಸುರಕ್ಷಿತ ಮಾಡಿ: ತಲೆ ಮೇಲೆ ಏನೂ ತೂಗಬಾರದು, ಪಕ್ಕದಲ್ಲಿ ಬೀಳುವಂಥದ್ದು ಇರಬಾರದು.

ಅಡಿಕೆ ಸುಗ್ಗಿಯಲ್ಲಿ ಆದರೆ?

ನನ್ನ ಅತ್ತಿಗೆ ಕೇಳಿದ ಪ್ರಶ್ನೆ. ಇಷ್ಟು ಒಳ್ಳೆಯ ಪ್ರಶ್ನೆ ಇನ್ನೊಬ್ಬರು ಕೇಳಲಿಲ್ಲ. ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ಪಕ್ಕದಲ್ಲಿ ಒಲೆ, ಹಂಡೆಯಲ್ಲಿ ಅಡಿಕೆ ಬೇಯಿಸುವ ನೀರು, ಅಂದರೆ ಚೊಗರು, ಕುದಿಯುತ್ತಿರುತ್ತದೆ. ನಡುಗಿದರೆ ಮೊದಲು ಕತ್ತಿಯಿಂದ ಹಿಂದಕ್ಕೆ ಸರಿಯಬೇಕು, ಮುಂದಕ್ಕೆ ಬಾಗಲೇಬಾರದು. ಆಮೇಲೆ ಹಂಡೆಯಿಂದ ದೂರ. ಕುದಿಯುವ ನೀರು ತುಳುಕಿದರೆ ಆಗುವ ಗಾಯ ಹೆಂಚು ಬಿದ್ದ ಗಾಯಕ್ಕಿಂತ ಕೆಟ್ಟದ್ದು. ಮಕ್ಕಳನ್ನು ಒಲೆಯ ಹತ್ತಿರ ಕೂರಿಸುವುದನ್ನು ಇದೊಂದು ನೆಪಕ್ಕಾದರೂ ಬಿಡೋಣ.

ತೋಟದಲ್ಲಿದ್ದರೆ ಅಲ್ಲೇ ತಗ್ಗಿ ಕೂರಿ, ತಲೆ ಮುಚ್ಚಿಕೊಳ್ಳಿ. ಒಣಸೋಗೆ, ಗೊನೆ ಬೀಳಬಹುದು. ಮರದ ಮೇಲಿದ್ದವರು ಮರವನ್ನೇ ಅಪ್ಪಿ ಹಿಡಿದಿರಲಿ, ನಿಂತ ಮೇಲೆ ಇಳಿಯಲಿ. ಕೊಟ್ಟಿಗೆಗೆ ನಡುಕದ ನಡುವೆ ನುಗ್ಗಬೇಡಿ, ಹೆದರಿದ ದನ ತುಳಿಯುತ್ತದೆ. ನಿಂತ ಮೇಲೆ ಹೋಗಿ ಕಣ್ಣಿ ಬಿಚ್ಚಿ.

ಗುಡ್ಡ, ಧರೆ ಕುಸಿಯುತ್ತದೆಯೇ?

ನನ್ನ ಮಟ್ಟಿಗೆ ಮಲೆನಾಡಿನ ದೊಡ್ಡ ಚಿಂತೆ ಇದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢ, ಶ್ರಾವಣದಲ್ಲಿ ನಮ್ಮ ಗುಡ್ಡಗಳ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಮನೆ ಕಟ್ಟಲು ಗುಡ್ಡ ನೇರವಾಗಿ ಕಡಿದಿರುತ್ತೇವೆ. ಅಡಿಗೆಮನೆಯ ಹಿಂದೆ ಎರಡು ಆಳೆತ್ತರದ ಧರೆ. ನಡುಕವಿಲ್ಲದೆಯೇ ಅದು ಕುಸಿಯುತ್ತದೆ, ಇನ್ನು ನಡುಗಿದರೆ ಕೇಳಬೇಕೇ?

ಹಾಗಾಗಿ ಮಳೆಗಾಲದಲ್ಲಿ ಸಣ್ಣ ಕಂಪನವಾದರೂ ಧರೆಯ ಕಡೆಯ ಕೋಣೆಯಲ್ಲಿ ಕೆಲವು ರಾತ್ರಿ ಮಲಗಬೇಡಿ. ಧರೆಯ ಮೇಲ್ಗಡೆ ಹೊಸ ಬಿರುಕು, ವಾಲಿದ ಮರ, ಏಕಾಏಕಿ ಕೆಂಪು ನೀರು ಜಿನುಗುವುದು, ಇವು ಕಂಡರೆ ಮನೆ ಬಿಟ್ಟು ನೆಂಟರ ಮನೆಗೆ ಹೋಗಿ. ಘಾಟಿಯಲ್ಲಿ ಗಾಡಿ ಓಡಿಸುತ್ತಿದ್ದರೆ ನಿಧಾನ ಮಾಡಿ, ಧರೆಯ ಕೆಳಗಾಗಲಿ, ಸೇತುವೆ ಮೇಲಾಗಲಿ ನಿಲ್ಲಿಸದೆ, ಬಯಲಾದ ಕಡೆ ನಿಲ್ಲಿಸಿ ಒಳಗೇ ಕೂರಿ.

ನಡುಕ ನಿಂತ ಮೇಲೆ?

ಮೊದಲು ನಿಮ್ಮ ಮೈ ನೋಡಿಕೊಳ್ಳಿ, ಆಮೇಲೆ ಮನೆಯವರನ್ನು. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ, ಬಾಗಿಲು ತೆರೆದು ಹೊರಬನ್ನಿ. ಬಚ್ಚಲ ಒಲೆಯ ಬೆಂಕಿ ಆರಿಸಿ. ಗೋಡೆಯಲ್ಲಿ ಓರೆ ಬಿರುಕು, ಮೂಲೆ ಬಿಟ್ಟುಕೊಂಡದ್ದು, ಜಂತಿ ಗೋಡೆಯಿಂದ ಜಾರಿದ್ದು ಕಂಡರೆ ಒಳಗೆ ಹೋಗಬೇಡಿ. ದೇವರ ಮುಂದಿನ ದೀಪವಾಗಲಿ, ಬೀರುವಿನ ಒಡವೆಯಾಗಲಿ ಆಮೇಲೆ ನೋಡೋಣ.

ಮತ್ತೆ ನಡುಗಬಹುದು. ಮೊದಲಿನದಕ್ಕಿಂತ ಸಣ್ಣವೇ ಹೆಚ್ಚು, ಆದರೆ ಅರ್ಧ ಬಿದ್ದ ಗೋಡೆಗೆ ಸಣ್ಣದೂ ಸಾಕು. ಬಾವಿ, ಬೋರ್‌ವೆಲ್ ನೀರು ಕದಡಬಹುದು, ಮಟ್ಟ ಏರಿಳಿಯಬಹುದು. ತಿಳಿಯಾಗುವವರೆಗೆ ಕುಡಿಯಬೇಡಿ. ಸಹಾಯಕ್ಕೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಅಪಾಯವಿಲ್ಲದಿದ್ದರೆ ಫೋನ್ ಮಾಡಬೇಡಿ, ಮೆಸೇಜ್ ಕಳಿಸಿ. ಬೆಂಗಳೂರಿನಲ್ಲಿರುವ ಮಕ್ಕಳೆಲ್ಲ ಒಟ್ಟಿಗೇ ಫೋನ್ ಮಾಡಿದರೆ, ಸಿಕ್ಕಿಹಾಕಿಕೊಂಡವರ ಫೋನ್ ಹೋಗುವುದಿಲ್ಲ.

ಭೂಕಂಪ ಮೊದಲೇ ಗೊತ್ತಾಗುತ್ತದೆಯೇ? ನಾಯಿಗೆ ತಿಳಿಯುತ್ತದಂತೆ.

ಇಂಥ ದಿನ, ಇಂಥ ಊರಲ್ಲಿ ಆಗುತ್ತದೆ ಎಂದು ಹೇಳಲು ಇವತ್ತಿಗೂ ಯಾರಿಗೂ ಬರುವುದಿಲ್ಲ. ಹಾಗೆ ಹೇಳುವ ಸಂದೇಶ ಬಂದರೆ ಸುಳ್ಳು ಅಂತ ಧೈರ್ಯವಾಗಿ ಅಳಿಸಿ. ಮೊದಲು ಬರುವ ಸಣ್ಣ ಅಲೆ ನಮಗಿಂತ ಮುಂಚೆ ನಾಯಿಗೆ ತಿಳಿಯಬಹುದು, ಅದು ಕೆಲವು ಸೆಕೆಂಡಿನ ಮಾತು. ಆದರೆ ನಾಯಿ ಚಿರತೆಗೂ ಬೊಗಳುತ್ತದೆ, ಅಲ್ವಾ?

ಆದ ಮೇಲೆ ದೂರದವರಿಗೆ ಎಚ್ಚರಿಕೆ ಕೊಡಲು ಮಾತ್ರ ಸಾಧ್ಯವಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಭಾರತಕ್ಕೆ ಆ ಸೌಲಭ್ಯ 2023ರ ಸೆಪ್ಟೆಂಬರಿನಲ್ಲಿ ಬಂತು. ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆಯ ಭಾಗ ತೆರೆದು ಭೂಕಂಪ ಎಚ್ಚರಿಕೆ ಆನ್ ಇದೆಯಾ ನೋಡಿ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮೇಸ್ತ್ರಿಗೆ ಏನು ಹೇಳಬೇಕು?

ಜಂಬಿಟ್ಟಿಗೆಯೋ ಇಟ್ಟಿಗೆಯೋ, ಲಿಂಟಲ್ಲನ್ನು ಬಾಗಿಲು ಕಿಟಕಿಯ ಮೇಲೆ ತುಂಡು ತುಂಡಾಗಿ ಹಾಕಬೇಡಿ ಅನ್ನಿ. ಮನೆಯ ಎಲ್ಲ ಗೋಡೆ ಸುತ್ತಿ ಬರುವ ಹಾಗೆ ಒಂದೇ ಪಟ್ಟಿಯಾಗಿ, ಕಬ್ಬಿಣ ಹಾಕಿ ಎರಕ ಹೊಯ್ಯಲಿ. ಬುಟ್ಟಿಗೆ ಬಿಗಿದ ಕಟ್ಟಿನ ಹಾಗೆ ಅದು ಮನೆಯನ್ನು ಹಿಡಿದಿಡುತ್ತದೆ. ಪಾಯದ ಮೇಲೂ ಅಂಥದ್ದೊಂದು ಬೇಕು. ಹೆಂಚಿನ ಮಾಡಾದರೆ ಎರಡು ತುದಿಯ ಮುಕ್ಕೋನದ ಗೋಡೆ ಒಂಟಿಯಾಗಿ ನಿಂತಿರುತ್ತದೆ, ಮೊದಲು ಬೀಳುವುದು ಅದೇ. ಅದಕ್ಕೂ ಪಟ್ಟಿ ಹಾಕಿಸಿ, ಮಾಡಿನ ಮರಕ್ಕೆ ಕಟ್ಟಿಸಿ. ಬಾಗಿಲು, ಕಿಟಕಿಗಳು ಮೂಲೆಗೆ ತೀರಾ ಹತ್ತಿರ ಬೇಡ. ಮೇಲಿನ ನೀರಿನ ಟ್ಯಾಂಕನ್ನು ಮೂರು ಕಲ್ಲಿನ ಮೇಲೆ ಕೂರಿಸಬೇಡಿ.

ಮಗಳು ಹೆದರಿದ್ದಾಳೆ. ರಾತ್ರಿ ಒಬ್ಬಳೇ ಮಲಗುತ್ತಿಲ್ಲ.

ಹುಣಸೋಡಿನ ರಾತ್ರಿಯ ನಂತರ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಲಾರಿ ಹೋದರೂ ಮಗು ಬೆಚ್ಚುತ್ತಿತ್ತು. "ಏನೂ ಆಗಲ್ಲ ಮಲಗು" ಅಂದರೆ ಸಮಾಧಾನ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಎಲ್ಲರೂ ಸೇರಿ ಆಟದ ಹಾಗೆ ಮಾಡಿದೆವು. ನಾನು "ನಡುಗ್ತು!" ಅನ್ನುವುದು, ಅವಳು ಎಣಿಸುತ್ತಾ ಮೇಜಿನ ಕೆಳಗೆ ಹೋಗುವುದು. ಆಮೇಲೆ ಅವಳೇ ಕೂಗತೊಡಗಿದಳು, ನಾವು ಓಡುವುದು. ಅಜ್ಜಿ ಕುರ್ಚಿಯಲ್ಲೇ ದಿಂಬು ಹೊತ್ತು ಕೂತರು. ಮೂರನೆಯ ಸಲಕ್ಕೆ ನಾಲ್ಕು ಸೆಕೆಂಡಿಗೆ ಬಂದಿದ್ದೆವು. ಆ ರಾತ್ರಿ ಅವಳು ಟಾರ್ಚ್ ಪಕ್ಕದಲ್ಲಿಟ್ಟುಕೊಂಡು ಒಬ್ಬಳೇ ಮಲಗಿದಳು.